ನವಸಾಗರದ ಹೊಗೆ

ಹಸೀನಾ, ನಾನು ನಿನಗೆ ಪುಸ್ತಕವನ್ನು ತಪ್ಪಾಗಿ ಓದಿ ಹೇಳಿದೆ. ಕಣ್ತಪ್ಪಿನಿಂದಲ್ಲ, ಅವಸರದಿಂದಲ್ಲ — ಸರಿಯಾದದ್ದು ಕಣ್ಣೆದುರು ಇದ್ದಾಗಲೇ, ಬೇಕಂತಲೇ. ಇಷ್ಟು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿಲ್ಲ, ಗಂಡನ ಮುಂದೆಯೂ ಇಲ್ಲ. ಈಗ ಬರೆಯಲು ಕೂತರೆ ಕೂತಲ್ಲಿ ಕೂಡಲಾಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಹೋಗಿ ನೀರು ಕುಡಿಯುವುದು, ಮತ್ತೆ ಬರುವುದು.

ಎಪ್ಪತ್ತರ ದಶಕದ ಸಿಂದಗಿ. ನಮ್ಮಿಬ್ಬರ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ನಿಮ್ಮ ಅಮ್ಮಿ ಬಾಣಂತಿಯಾಗಿದ್ದರಿಂದ ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ಕೆಲಸ ನಿನ್ನ ಪಾಲಿಗೆ ಬಂದಿತ್ತು. ನೀನು ಶಾಲೆಗೆ ಬಾರದ ಆ ದಿನಗಳಲ್ಲೇ ಮಾಸ್ತರು ಅಮೋನಿಯಾ ಪಾಠ ಮುಗಿಸಿಬಿಟ್ಟಿದ್ದರು. ರಸಾಯನಶಾಸ್ತ್ರದ ಪುಸ್ತಕ ಇದ್ದದ್ದು ನನ್ನ ಹತ್ತಿರ ಮಾತ್ರ. ಹಾಗಾಗಿ ಸಂಜೆ ನಿಮ್ಮ ಒಲೆಯ ಮುಂದೆ ಕೂತು ನಾನು ಓದುವುದು, ನೀನು ರೊಟ್ಟಿ ಬಡಿಯುತ್ತ ಅದನ್ನೇ ತಿರುಗಿ ಹೇಳುವುದು. ಒಂದು ಸಮೀಕರಣಕ್ಕೆ ಒಂದು ರೊಟ್ಟಿ! ಬಡಿತಕ್ಕೆ ಕೂಡಿಸಿ ಕಲಿತದ್ದನ್ನು ನೀನು ಮರೆಯುತ್ತಲೇ ಇರಲಿಲ್ಲ. ನಾನು ಕಣ್ಣಿಟ್ಟು ಓದಿದ್ದೆಲ್ಲ ಬೆಳಗಾಗುವುದರೊಳಗೆ ಹಾರಿಹೋಗುತ್ತಿತ್ತು. ನನಗೆ ಹೊಟ್ಟೆಕಿಚ್ಚು — ಇದಕ್ಕೆ ಬೇರೆ ಹೆಸರು ಕೊಟ್ಟು ಏನು ಮಾಡಲಿ.

ಅದರ ಮೇಲೆ ಆ ಸೀಟಿನ ಮಾತು ಬೇರೆ. ಹುಡುಗಿಯರಲ್ಲಿ ವಿಜ್ಞಾನಕ್ಕೆ ಹೆಚ್ಚು ಅಂಕ ಪಡೆದವಳನ್ನು ತಾವೇ ವಿಜಾಪುರದ ಕಾಲೇಜಿಗೆ ಕಳಿಸಿ, ಹಾಸ್ಟೆಲಿನಲ್ಲಿಟ್ಟು ಓದಿಸುತ್ತೇವೆಂದು ಊರಿನ ಹಿರಿಯರೊಬ್ಬರು ಹೇಳಿದ್ದರು. ನಿಮ್ಮ ಅಬ್ಬಾ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು. ಅವರು ನನ್ನೆದುರೇ ಅಂದಿದ್ದರು: “ಆ ಸೀಟ ಸಿಕ್ರ ಹಸೀನಾ ಓದಲಿ, ನಾ ಬ್ಯಾಡ ಅನ್ನೂದಿಲ್ಲ. ಸಿಗಲಿಲ್ಲಂದ್ರ ಮುದ್ದೇಬಿಹಾಳದ ಗಂಡಿನವರಿಗೆ ಮಾತು ಕೊಡ್ತೇನಿ.” ನಮ್ಮಪ್ಪ ಕಚೇರಿಯಲ್ಲಿ ಗುಮಾಸ್ತ, ಸೀಟು ಸಿಗದಿದ್ದರೂ ನನ್ನನ್ನು ಹೇಗೋ ಓದಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಅಂದು ಅಮೋನಿಯಾದ ಸರದಿ. ನವಸಾಗರಕ್ಕೆ, ಅದೇ ಅಮೋನಿಯಂ ಕ್ಲೋರೈಡಿಗೆ, ಸುಣ್ಣ ಕೂಡಿಸಿ ಕಾಯಿಸಬೇಕೆಂದು ನಾನು ಓದಿದ್ದೇ ತಡ, ನಿನ್ನ ಮುಖ ಅರಳಿತು.

“ಏ ಗಿರಿಜಾ, ಇದು ನಮ್ಮ ಅಬ್ಬಾನ ಸಾಮಾನು! ಕಲಾಯಿ ಹಾಕೂವಾಗ ಕಾದ ಪಾತ್ರಿಗೆ ತಿಕ್ಕೂದು ಇದನ್ನ!”

ಮುಂದಿನ ಸಾಲು ಹೀಗಿತ್ತು: ಈ ಅನಿಲ ಗಾಳಿಗಿಂತ ಹಗುರ, ಆದ್ದರಿಂದ ಜಾಡಿಯನ್ನು ಬೋರಲು ಹಿಡಿದು ತುಂಬಿಸಿಕೊಳ್ಳಬೇಕು. ನನ್ನ ಬಾಯಿಂದ ಬಿದ್ದದ್ದು ಬೇರೆಯೇ: “ಗಾಳಿಗಿಂತ ಭಾರ. ಜಾಡಿ ಬಾಯಿ ಮ್ಯಾಲ.” ಮೊದಲೇ ಯೋಚಿಸಿಟ್ಟುಕೊಂಡಿದ್ದೆನೇ? ಇಲ್ಲ. ಆದರೆ ತಿದ್ದಿಕೊಳ್ಳಲು ಪುರುಸೊತ್ತು ಇತ್ತಲ್ಲ — ಆ ಪುರುಸೊತ್ತನ್ನು ನೀನೇ ಕೊಟ್ಟಿದ್ದೆ. ನಿನ್ನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು.

“ಹಂಗ್ಯಾಂಗ? ಭಟ್ಟಿ ಮುಂದ ನವಸಾಗರದ ಹೊಗಿ ಸೀದಾ ಮ್ಯಾಲ ಬಂದು ಮೂಗಿಗೆ ಬಡೀತೈತಿ. ಬಾಯಿ ಮ್ಯಾಲ ಇದ್ರ ಹಾರಿ ಹೋಗೂದಿಲ್ಲೇನು? ಚಿತ್ರ ತೋರ್ಸು.”

ನಾನು ಪುಸ್ತಕ ಮುಚ್ಚಿದೆ. “ನಿಮ್ಮ ಅಬ್ಬಾನ ಭಟ್ಟಿ ಬ್ಯಾರೆ, ಪುಸ್ತಕ ಬ್ಯಾರೆ. ಬರದವರಿಗಿಂತ ನೀ ಶಾಣ್ಯಾಕಿ ಏನು? ಹಿಟ್ಟಿನ ಕೈ ಹಚ್ಚಬ್ಯಾಡ.”

ನೀನು ನಾಚಿ ತಲೆ ತಗ್ಗಿಸಿದೆ. ಜಗಳವಾಡಿದ್ದರೆ, ಪುಸ್ತಕ ಕಸಿದುಕೊಂಡಿದ್ದರೆ — ಇಲ್ಲ, ಕಣ್ಣಾರೆ ಕಂಡದ್ದನ್ನು ಬಿಟ್ಟು ನೀನು ನನ್ನನ್ನು ನಂಬಿದ್ದೆ. “ಗಾಳಿಗಿಂತ ಭಾರ, ಜಾಡಿ ಬಾಯಿ ಮ್ಯಾಲ” ಎಂಬ ಬಡಿತ ಮತ್ತೆ ಶುರುವಾಯಿತು. ಆ ಬಿಸಿ ರೊಟ್ಟಿಯನ್ನೇ ಶೇಂಗಾ ಹಿಂಡಿ ಹಚ್ಚಿ ನನಗೆ ಕೊಟ್ಟೆಯಲ್ಲ, ನಾನು ತಿಂದೆ. ಥೂ, ಹೇಗೆ ಗಂಟಲಲ್ಲಿ ಇಳಿಯಿತೋ.

ಪರೀಕ್ಷೆಯಲ್ಲಿ ಅಮೋನಿಯಾನೇ ಬಂತು. ಹೊರಗೆ ಬಂದವಳೇ ನನ್ನ ಕೈ ಹಿಡಿದು, “ಚಿತ್ರಾನೂ ತಗದೇನಿ, ನೀ ಹೇಳಿದಂಗ” ಎಂದು ನೀನು ಕುಣಿದಾಡಿದ್ದು ನೆನಪಿದೆಯೇ? ವಿಜ್ಞಾನದಲ್ಲಿ ನಿನಗಿಂತ ನನಗೆ ಎರಡೇ ಅಂಕ ಹೆಚ್ಚು ಬಂದವು, ಸೀಟು ನನ್ನದಾಯಿತು. ಆ ಎರಡು ಜಾಡಿಯ ಅಂಕಗಳೋ, ಬೇರೆ ಯಾವುದರವೋ ನನಗೆ ತಿಳಿಯದು. ಈ ‘ತಿಳಿಯದು’ ಎಂಬುದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಸಮಾಧಾನ ಹುಡುಕಿದ್ದೇನೆ. ಸಿಕ್ಕಿಲ್ಲ. ನಾನು ವಿಜಾಪುರದ ಬಸ್ಸು ಹತ್ತುವಾಗ ನೀನೇ ಬುತ್ತಿ ಕಟ್ಟಿಕೊಂಡು ಬಂದಿದ್ದೆ. ಆ ವರ್ಷವೇ ನಿನ್ನ ನಿಕಾಹ್ ಆಗಿ ನೀನು ಮುದ್ದೇಬಿಹಾಳ ಸೇರಿದೆ. ನಾನು ಟೀಚರಾದೆ, ಅದೂ ರಸಾಯನಶಾಸ್ತ್ರದ ಟೀಚರು, ನೋಡು!

ಕಳೆದ ಜೂನ್‌ನಲ್ಲಿ ಮುದ್ದೇಬಿಹಾಳಕ್ಕೆ ವರ್ಗವಾಗಿ ಬಂದೆ. ನಿನ್ನನ್ನು ಹುಡುಕಲಿಲ್ಲ — ಹುಡುಕುವ ಧೈರ್ಯವಿರಲಿಲ್ಲ. ಮೊನ್ನೆ ತರಗತಿಯಲ್ಲಿ ಅಮೋನಿಯಾದ ಚಿತ್ರ ತೆಗೆಯಲು ಹೇಳಿದಾಗ, ಶಬಾನಾ ಎಂಬ ಹುಡುಗಿ ಬೋರ್ಡಿನ ಮೇಲೆ ಜಾಡಿಯ ಬಾಯಿಯನ್ನು ಮೇಲೆ ಬರೆದಳು. ಹೀಗೆ ಯಾರು ಕಲಿಸಿದರೆಂದು ಕೇಳಿದೆ.

“ನಮ್ಮ ಅಮ್ಮಿರೀ. ರೊಟ್ಟಿ ಬಡಕೋತ ಬಾಯಿಪಾಠ ಹೇಳಿಕೊಡ್ತಾಳ್ರಿ.”

ತರಗತಿಯೆಲ್ಲ ನಕ್ಕಿತು. ಹುಡುಗಿಯ ಕಣ್ಣಲ್ಲಿ ನೀರು. ನಿನ್ನ ಹೆಸರು, ತವರೂರು ಎರಡನ್ನೂ ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಕೇಳಿದೆ. ಚಿತ್ರ ತಿದ್ದಿ ತೋರಿಸಿದೆ. ನಿಜ ಹೇಳಲಿಲ್ಲ. ಅಲ್ಲಿಯೂ ಹೇಳಲಿಲ್ಲ.

ಮನೆಯಲ್ಲಿ ನನ್ನ ಹೆಸರು ಹೇಳಿದಳೇನೋ, ಇವತ್ತು ಶಬಾನಾ ನಿನ್ನ ಮಾತು ಹೊತ್ತು ತಂದಳು: “ಅಮ್ಮಿ ಅಂದಾಳ್ರಿ — ಗಿರಿಜಾ ಭಾಳ ಚಂದ ಓದಿ ಹೇಳ್ತಿದ್ಲು, ನಾನ ತಪ್ಪು ಕಲ್ತೇನಿ ಅಂತ. ನಾಳಿ ರೊಟ್ಟಿ ಉಣ್ಣಾಕ ಮನೀಗೆ ಬರಬೇಕಂತ್ರಿ.”

ಬರುತ್ತೇನೆ, ಹಸೀನಾ. ಈ ಬರಹವನ್ನು ಕೊಟ್ಟು ಓಡಿಬರುವುದಿಲ್ಲ. ಎದುರಿಗೆ ಕೂತು ನಾನೇ ಓದುತ್ತೇನೆ. ನಿನ್ನ ರೊಟ್ಟಿಗೆ ಕೈ ಹಚ್ಚುವ ಮೊದಲು, ಶಬಾನಾಳನ್ನೂ ಪಕ್ಕಕ್ಕೆ ಕೂಡಿಸಿಕೊಂಡು. ಅವಳಿಗೂ ಹೇಳುತ್ತೇನೆ: ಹೊಗೆ ಮೇಲೆ ಹೋಗುತ್ತದೆ ಎಂದು ನಿಮ್ಮ ಅಮ್ಮಿ ಅಂದಿದ್ದಳು ಮಗಳೇ, ಸರಿಯಾಗಿಯೇ ಅಂದಿದ್ದಳು. ಪುಸ್ತಕದಲ್ಲೂ ಹಾಗೆಯೇ ಇತ್ತು. ಪುಸ್ತಕ ಮುಚ್ಚಿದವಳು ನಾನು.