ಟಕ್ ಎಂದ ಕಾರು ಮತ್ತು ಬಲ್ಲವರು

ಕೆಟ್ಟು ನಿಂತ ಕಾರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಅದರ ಸುತ್ತ ಸೇರುವ ಗಂಡಸರನ್ನು ಕಂಡರೆ ಬರುತ್ತದೆ. ಕಾರು ಪಾಪ, ಕೆಟ್ಟಿದ್ದೇನೆ ಎಂದು ಒಪ್ಪಿಕೊಂಡು ಸುಮ್ಮನಿರುತ್ತದೆ. ಇವರು ಸುಮ್ಮನಿರುವುದಿಲ್ಲ. ಜನ್ಮದಲ್ಲಿ ಸೈಕಲ್ಲಿನ ಚೈನು ಏರಿಸಿದವರಲ್ಲ, ಬಾನೆಟ್ ತೆರೆದದ್ದೇ ತಡ, ಸೊಂಟಕ್ಕೆ ಕೈಯಿಟ್ಟು ಒಳಗೆ ಬಗ್ಗಿ "ಹೂಂ" ಎನ್ನುತ್ತಾರೆ. ಅಷ್ಟು ಪೊಳ್ಳು ಶಬ್ದ ಕನ್ನಡದಲ್ಲಿ ಇನ್ನೊಂದಿಲ್ಲ. ರೋಗಿಗಳ ಎದುರು ನಾನೂ ಎಷ್ಟೋ ಸಲ ಹಾಗೆ ಅಂದವನೇ ಆದ್ದರಿಂದ ಅದರ ತೂಕ ನನಗೆ ಚೆನ್ನಾಗಿ ಗೊತ್ತು.

ಎಪ್ಪತ್ತರ ದಶಕದ ನಡುವೆ ನಾನು ವಿಜಾಪುರ ಜಿಲ್ಲೆಯ ಇಂಡಿಯಲ್ಲಿ ಡಾಕ್ಟರಿಕೆ ಮಾಡುತ್ತಿದ್ದೆ. ಮೂರು ಕೈ ದಾಟಿ ಬಂದ ಒಂದು ಕಾರಿತ್ತು. ಸೆಲ್ಫ್ ಹತ್ತದಿದ್ದರೆ ಮುಂದಿನಿಂದ ಹಾಕಿ ತಿರುಗಿಸಲು ಕಬ್ಬಿಣದ ಹ್ಯಾಂಡಲ್ ಕೂಡ ಇತ್ತು. ಅದನ್ನು ಮನೆಯಲ್ಲೇ ಬಿಟ್ಟಿರುತ್ತಿದ್ದೆ. ಇಸ್ತ್ರಿ ಹಾಕಿದ ಪ್ಯಾಂಟಿನ ಡಾಕ್ಟರು ನಡುಬೀದಿಯಲ್ಲಿ ಬಗ್ಗಿ ಹ್ಯಾಂಡಲ್ ತಿರುಗಿಸುವುದೇ? ಘನತೆ ಎಂಬುದು ಎಷ್ಟು ಪೆದ್ದು ವಸ್ತು ಎಂದು ತಿಳಿಯಲು ಅಗರಖೇಡವೆಂಬ ಹಳ್ಳಿಗೆ ಹೋಗಬೇಕಾಯಿತು.

ಮಳೆಗಾಲದ ಒಂದು ಬೆಳಗ್ಗೆ ಅಲ್ಲಿಂದ ಕರೆ ಬಂತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ಕಮಲಾ ಎಂಬ ಹುಡುಗಿಗೆ ರಾತ್ರಿಯಿಂದ ನೋವು. ಹೋಗಿ ನೋಡಿದರೆ ಮಗು ಅಡ್ಡ ತಿರುಗಿತ್ತು. ನನ್ನ ಚೀಲದಲ್ಲಿ ಅದಕ್ಕೆ ಉಪಾಯವಿರಲಿಲ್ಲ. ವಿಜಾಪುರದ ದೊಡ್ಡ ದವಾಖಾನೆಯೇ ಗತಿ. ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅವಳ ತಾಯಿ ಶಾಂತವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಗಂಭೀರವಾಗಿ ಕೀಲಿ ತಿರುಗಿಸಿದೆ.

ಟಕ್.

ಮತ್ತೆ ತಿರುಗಿಸಿದೆ. ಟಕ್. ಅಷ್ಟೇ. ಎಂಜಿನ್ ಮಿಸುಕಲಿಲ್ಲ.

ನೂಕೋಣವೆಂದರೆ ಕಾರು ನಿಂತದ್ದು ಇಕ್ಕಟ್ಟು ಓಣಿಯ ಎರೆಮಣ್ಣಿನ ಕೆಸರಿನಲ್ಲಿ. ಎಂಟು ಜನ ನೂಕಿದರೆ ಎಂಟು ಜನರ ಕಾಲೂ ಹೂತವು, ಗಾಲಿ ಉರುಳಲಿಲ್ಲ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಎತ್ತಿನ ಗಾಡಿಯಲ್ಲಿ ಹೊರಟರೆ ಇಂಡಿ ಮುಟ್ಟುವುದರೊಳಗೇ ಸಂಜೆಯಾಗುತ್ತಿತ್ತು. ಅಷ್ಟರಲ್ಲಿ ಬಲ್ಲವರು ಸೇರಿದರು.

ಮೊದಲು ಬಾಯಿ ತೆರೆದವರು ಊರ ಗೌಡರು. "ಪೆಟ್ರೋಲಿನ್ಯಾಗ ಕಸಾ ಸಿಕ್ಕೈತ್ರಿ. ನಾ ಬರೇ ವಾಸನೀ ಮ್ಯಾಲೇ ಹೇಳ್ತೇನಿ." ಅವರ ಮೂಗಿನ ಬಗ್ಗೆ ನನಗೆ ಗೌರವವಿದೆ, ಆದರೆ ತಿರುಗದ ಎಂಜಿನ್ನಿಗೆ ಪೆಟ್ರೋಲ್ ತಗೊಂಡು ಏನಾಗಬೇಕು? ವಿಜ್ಞಾನದ ಮಾಸ್ತರರು ಉಷ್ಣದಿಂದ ಲೋಹ ಹಿಗ್ಗುವ ಪಾಠ ಶುರುಮಾಡಿ, ಎಂಜಿನ್ ಆರುವವರೆಗೆ ಎರಡು ತಾಸು ಕಾಯಬೇಕೆಂದರು. ಕಾಯಬೇಕಾದವರು ಅವರಲ್ಲವಲ್ಲ. ಮೂರನೆಯವನು ಸೊಲ್ಲಾಪುರದ ಟ್ಯಾಕ್ಸಿ ಸ್ಟ್ಯಾಂಡಿನ ಎದುರು ಆರು ತಿಂಗಳು ವಾಸವಾಗಿದ್ದನಂತೆ. ಆ ಪಾಂಡಿತ್ಯದ ಬಲದಿಂದ ಎಂಜಿನ್ನನ್ನೇ ಇಳಿಸಬೇಕೆಂದು ಹೇಳಿ ಬೀಡಿ ಹಚ್ಚಿದ. ನಾನು? ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಒರೆಸಿ ಸಿಕ್ಕಿಸುತ್ತಿದ್ದೆ. ಯಾಕೆಂದು ನನಗೇ ಗೊತ್ತಿರಲಿಲ್ಲ.

ಹಿಂದಿನ ಸೀಟಿನಿಂದ ಕಮಲಾ ಚೀರಿದಳು. ಶಾಂತವ್ವ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ನಿಮ್ಮ ಪಂಚಾಯ್ತಿ ಮುಗಿಯೂದ್ರೊಳಗ ನನ್ನ ಮಗಳು ಸಾಯ್ತಾಳ್ರೋ! ಯಾರರ ಮಾನಪ್ಪನ್ನ ಕರೀರಿ!"

ಮಾನಪ್ಪ ಮದುವೆಗಳಿಗೆ ಭೊಂಗಾ ಹಚ್ಚುವವನು. ಕರೆಂಟಿಲ್ಲದ ಹಳ್ಳಿಗಳಿಗೆ ಲೌಡ್‌ಸ್ಪೀಕರನ್ನೂ ಅದನ್ನು ಹಾಡಿಸುವ ಬ್ಯಾಟರಿಯನ್ನೂ ಸೈಕಲ್ಲಿಗೆ ಕಟ್ಟಿಕೊಂಡು ತಿರುಗುತ್ತಿದ್ದ. "ಅಂವಾ ಹಾಡು ಹಚ್ಚಾಂವರಿ, ಮೋಟಾರಿಂದೇನು ತಿಳೀತೈತಿ ಅವಗ" ಎಂದು ಗೌಡರು ನಕ್ಕರು. ನನಗೂ ಹಾಗೇ ಅನ್ನಿಸಿತು ಎಂದು ಹೇಳಿಬಿಡುತ್ತೇನೆ.

ಮಾನಪ್ಪ ಬಂದ. ಸೊಂಟಕ್ಕೆ ಕೈಯಿಡಲಿಲ್ಲ. "ಸಾಹೇಬ್ರ, ದೀಪ ಹಚ್ರಿ" ಎಂದ. ಹಚ್ಚಿದೆ, ಚೆನ್ನಾಗಿಯೇ ಉರಿದವು. "ಈಗ ಕೀಲಿ ತಿರುವ್ರಿ." ತಿರುವಿದೆ. ಟಕ್ ಎಂದದ್ದೇ ದೀಪಗಳು ಸತ್ತಂತಾದವು. ಅವನು ಬ್ಯಾಟರಿಯ ವೈರು ಬಿಗಿದ ಎರಡು ಕೊಂಬುಗಳನ್ನು ಬೆರಳಿನಿಂದ ಮುಟ್ಟಿ, ಒಂದರ ಮೇಲಿಂದ ಚಟ್ಟನೆ ಕೈ ತೆಗೆದ. "ಇದು ಕಾದೈತ್ರಿ. ನೀರು ಹಾಕಿ ಎಷ್ಟು ದಿನಾ ಆತು? ತೆಗದು ನೋಡೀರೇನು?"

ದರ್ಶನ, ಸ್ಪರ್ಶನ, ಪ್ರಶ್ನ: ರೋಗಿಯನ್ನು ನೋಡು, ಮುಟ್ಟು, ಕೇಳು. ಆಯುರ್ವೇದದ ಹಳೆಯ ಸೂತ್ರ. ವೈದ್ಯ ಪದವಿ ಪಡೆದ ನಾನು ಅರ್ಧ ತಾಸಿನಿಂದ ಮೂರನ್ನೂ ಮಾಡಿರಲಿಲ್ಲ. ಕೊಂಬಿನ ಮೇಲೆ ಹಸಿರು ಬಿಳುಪಿನ ಬೂದಿ ಬೆಳೆದು, ಕರೆಂಟಿಗೆ ದಾರಿಯೇ ಇರಲಿಲ್ಲ. ದೀಪಕ್ಕೆ ಬೇಕಾದ ಚೂರು ದಾಟುತ್ತಿತ್ತು, ಸೆಲ್ಫಿಗೆ ಬೇಕಾದಷ್ಟು ದಾಟುತ್ತಿರಲಿಲ್ಲ.

ಹೆರಿಗೆಗೆಂದು ಕಾಯಿಸಿಟ್ಟಿದ್ದ ನೀರನ್ನು ಮಾನಪ್ಪ ಮನೆಯೊಳಗಿಂದ ತರಿಸಿ ಕೊಂಬಿನ ಮೇಲೆ ಹೊಯ್ದ. ಬೂದಿ ಬುರುಗೆದ್ದು ಇಳಿಯಿತು. ತಾನು ತಂದಿದ್ದ ಪಾನಾ ಹಾಕಿ ನಟ್ಟು ಸಡಿಲಿಸಿ, ಚಾಕುವಿನಿಂದ ಸೀಸ ಹೊಳೆಯುವಂತೆ ಕೆರೆದು, ಒರೆಸಿ, ಬಿಗಿದ. "ಹೊಡೀರಿ ಸೆಲ್ಫ್."

ಎಂಜಿನ್ ಒಂದೇ ಏಟಿಗೆ ಎದ್ದಿತು. ಮಾನಪ್ಪ ಗಾಲಿಗಳ ಕೆಳಗೆ ಜೋಳದ ಕಣಿಕೆಯ ದಂಟು ತುರುಕಿದ. ಬಲ್ಲವರೂ ಕೊನೆಗೆ ಬಾಯಿ ಮುಚ್ಚಿ ನೂಕಿದರು. ದಾರಿಯಲ್ಲಿ ಝಳಕಿ ಎಂಬ ಊರು ದಾಟುವಾಗ ಕಮಲಾ ಚೀರುವುದನ್ನು ನಿಲ್ಲಿಸಿದ್ದಳು. ಶಾಂತವ್ವ ಮಗಳ ಕೆನ್ನೆ ತಟ್ಟುತ್ತಲೇ ಇದ್ದಳು. ನಾನು ಹಿಂದಿರುಗಿ ನೋಡುವ ಧೈರ್ಯ ಮಾಡಲಿಲ್ಲ. ವಿಜಾಪುರದಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಇಬ್ಬರೂ ಉಳಿದರು.

ತಿಂಗಳ ನಂತರ ಅಗರಖೇಡಕ್ಕೆ ಹೋದಾಗ, ಪೆಟ್ರೋಲಿನ ಕಸ ತೆಗೆಸಿದ್ದೇ ತಾವೆಂದು ಗೌಡರು ಯಾರಿಗೋ ಹೇಳುತ್ತಿದ್ದರು. ಎಂಜಿನ್ ತಾನಾಗಿ ಆರಿತೆಂದು ಮಾಸ್ತರರು ಮಕ್ಕಳಿಗೆ ಪಾಠವನ್ನೇ ಮಾಡಿದ್ದರಂತೆ. ಎಂಥ ಜನ ಎಂದು ಹೇಸಿಗೆಪಡುತ್ತ ಮನೆಗೆ ಬಂದೆ. ಊಟಕ್ಕೆ ಕುಳಿತಾಗ ಹೆಂಡತಿ ಕೇಳಿದಳು, "ಅಲ್ರೀ, ಅವತ್ತು ಬ್ಯಾಟರಿ ಸ್ವಚ್ಛ ಮಾಡಿದೆ ಅಂದಿದ್ರಲ್ಲ, ಅದಕ್ಕ ಪಾನಾ ಎಲ್ಲಿ ಸಿಕ್ತು ನಿಮಗ?"

ಅವತ್ತು ಇವಳಿಗೆ ಕಥೆ ಹೇಳುವಾಗ 'ಮಾಡಿದ' ಎನ್ನಬೇಕಾದಲ್ಲಿ 'ಮಾಡಿದೆ' ಎಂದಿದ್ದೆ. ಇಷ್ಟು ದೊಡ್ಡ ಕಳ್ಳತನಕ್ಕೆ ಕನ್ನಡದಲ್ಲಿ ಒಂದೇ ಒಂದು ಎತ್ವ ಸಾಕು.