ಎಬ್ಬಿಸುವ ಅಪ್ಪಣೆ

ಅಕ್ಕೋರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಕುಂದಗೋಳದ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅವರು ನಮಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಆ ಸೀಳುಗುರು ಪರದೆಯ ಮೇಲೆ ಟಕ್ ಟಕ್ ಎಂದರೆ ಯಾರೋ ತಪ್ಪು ಮಾಡಿದ್ದಾರೆ ಎಂದರ್ಥ. ಹೆಚ್ಚಾಗಿ ಆ ಯಾರೋ ನಾನೇ.

ಕೆಳಗೆ ಡೀಸೆಲ್ ಎಂಜಿನ್ನಿನ ಗಿರಣಿ ಶುರುವಾದರೆ ಮೇಲೆ ಮೇಜು ನಡುಗುತ್ತಿತ್ತು, ಅದರೊಂದಿಗೆ ಮೌಸೂ. ನಿದ್ದೆಗೆ ಹಾಕಿದ ಕಂಪ್ಯೂಟರುಗಳು ತಾವಾಗಿಯೇ ಎದ್ದು ಕೂತು ಬ್ಯಾಟರಿ ತಿನ್ನುತ್ತಿದ್ದವು. ದೆವ್ವ ಬಂತೆಂದು ನಾವು ನಕ್ಕೆವು. ಅಕ್ಕೋರು ನಗಲಿಲ್ಲ. ಒಳಗೊಂದು ಪಟ್ಟಿ ತೆರೆದು, ಎಬ್ಬಿಸುವ ಅಪ್ಪಣೆ ಯಾವ್ಯಾವುದಕ್ಕಿದೆ ಎಂದು ತೋರಿಸಿ, ಅಲುಗಿದರೆ ಸಾಕು ಎಬ್ಬಿಸುತ್ತಿದ್ದ ಮೌಸಿನ ಎದುರಿನ ಗುರುತು ತೆಗೆದರು. ಕೀಲಿಮಣೆಯದನ್ನು ಮಾತ್ರ ಬಿಟ್ಟರು.

"ಮಲಗಿಸೂದು ಯಾರಿಗರೆ ಬರತೈತಿ. ಮಲಗಿಸಿದ ಮ್ಯಾಲ ಒಮ್ಮೆ ಎಬ್ಬಿಸಿ ನೋಡ್ರಿ. ಎದ್ರ ಮನೀಗೆ ಹೋಗ್ರಿ," ಎನ್ನುತ್ತಿದ್ದರು. ಎಬ್ಬಿಸಿ ತೋರಿಸದೆ ಯಾರನ್ನೂ ಬಿಡುತ್ತಿರಲಿಲ್ಲ. ನಮ್ಮೂರು ಕುಬಿಹಾಳದ ಬಸ್ಸು ತಪ್ಪಿಸಿಕೊಂಡು ನಾನು ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ.

ಮುಂದೆ ನರಗಳ ಬೇನೆ ಅವರ ಕಾಲು ಕಸಿಯಿತು, ಆಮೇಲೆ ನಾಲಿಗೆ. ಕೊನೆಗೆ ಉಳಿದದ್ದು ಆ ಬೆರಳೊಂದೇ. ಅಷ್ಟೊತ್ತಿಗೆ ನಾನು ಕುಂದಗೋಳದಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಹಳೆಯ ಮೌಸೊಂದನ್ನು ಬಿಚ್ಚಿ, ಅದರ ಗುಂಡಿಯನ್ನು ಅವರ ಬೆರಳ ಕೆಳಗೆ ಕಟ್ಟಿಕೊಟ್ಟೆ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದದ್ದು ಬಂದಾಗ ಒತ್ತುತ್ತ ಹೋದರೆ ಲ್ಯಾಪ್‌ಟಾಪ್ ಮಾತನ್ನು ಓದಿ ಹೇಳುತ್ತದೆ. ಸುಮ್ಮನಿದ್ದರೆ ಮಲಗುತ್ತದೆ, ಒತ್ತಿದರೆ ಏಳುತ್ತದೆ. ಮೊದಲ ದಿನ ಅವರು ಹೇಳಿದ್ದು, "ಚಹಾಕ್ಕ ಸಕ್ಕರಿ ಕಡಿಮಿ." ಅವರ ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅವರ ಮನೆ ಗಿರಣಿಯ ಹಿಂದೆಯೇ. ನನ್ನ ಕೆಲಸಕ್ಕೆಂದು ಅಲ್ಲಿ ಇಟ್ಟಿದ್ದ ಮೌಸು ನಡುಗಿ ನಡುಗಿ, ಮತ್ತದೇ ಕಥೆ: ಕರೆಂಟು ಹೋದಾಗ ಬ್ಯಾಟರಿ ಖಾಲಿ. ಒಂದು ಬೆಳಿಗ್ಗೆ ಪಟ್ಟಿ ತೆರೆದೆ. ಮೌಸ್ ಎಂದು ಎರಡು ಸಾಲಿದ್ದವು. ಎರಡರ ಗುರುತನ್ನೂ ತೆಗೆದೆ. ಅಕ್ಕೋರ ಬೆರಳ ಕೆಳಗಿನ ಗುಂಡಿಯೂ ಲ್ಯಾಪ್‌ಟಾಪಿನ ಪಾಲಿಗೆ ಮೌಸೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹುಬ್ಬಳ್ಳಿ ಬಸ್ಸಿಗೆ ಹೊತ್ತಾಗಿತ್ತು. ಎಬ್ಬಿಸಿ ನೋಡದೆ ಹೋದೆ.

ಸಂಜೆ ಬಂದಾಗ ಪರದೆ ಕಪ್ಪಗಿತ್ತು. ಬೆರಳಿನ ತುದಿ ಬಾತು, ಉಗುರಿನ ಸೀಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಮಧ್ಯಾಹ್ನದಿಂದ ಅಕ್ಕ ಬೆರಳ ಆಡಸಾಕತ್ತಾಳ. ನಡುಕ ಬಂದೈತಿ ಅನಕೊಂಡ್ನಿ," ಎಂದಳು ತಂಗಿ.

ಕೀಲಿಮಣೆ ಮುಟ್ಟಿ ಎಬ್ಬಿಸಿದೆ. ಬೆರಳು ಆಡಿತು. ಲ್ಯಾಪ್‌ಟಾಪ್ ಹೇಳಿತು: "ನೀರು."

ಸುಡುವ ಬೇಸಿಗೆಯ ದಿನ ಅದು. ತಂಗಿ ಚಮಚದಿಂದ ಕುಡಿಸಿದಳು. ಬೆರಳು ಮತ್ತೆ ಆಡಿತು, ಬಹಳ ಹೊತ್ತು.

"ಎಬ್ಬಿಸಿ ನೋಡಿದ್ಯೇನು?"

"ನೋಡಿದ್ನಿರಿ, ಅಕ್ಕೋರ," ಎಂದೆ.

ಅವರು ನನ್ನ ಮುಖವನ್ನೇ ನೋಡಿ ಕಣ್ಣು ಮುಚ್ಚಿದರು. ಗುರುತು ಸರಿಮಾಡಿದೆ, ಅವರೆದುರೇ ಹತ್ತು ಸಲ ಮಲಗಿಸಿ ಎಬ್ಬಿಸಿದೆ. ಅವರು ಕಣ್ಣು ತೆರೆಯಲಿಲ್ಲ.

ಎಂಟು ದಿನಕ್ಕೆ ಹೋಗಿಬಿಟ್ಟರು. ಆ ಎಂಟು ದಿನ ಗುಂಡಿಯನ್ನು ಒಮ್ಮೆಯೂ ಒತ್ತಲಿಲ್ಲ. ಬೆರಳಿನಲ್ಲಿ ಬಲ ಉಳಿದಿರಲಿಲ್ಲ ಎಂದು ತಂಗಿ ಇಂದಿಗೂ ನನ್ನನ್ನು ಸಮಾಧಾನ ಮಾಡುತ್ತಾಳೆ. ಬಲ ಇತ್ತು. ನೀರು ಬೇಕಾದಾಗ ಅದೇ ಬೆರಳಿನಿಂದ ಅವಳ ಮುಂಗೈ ತಟ್ಟುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.