ಡಿಸೆಂಬರ್‌ವರೆಗೆ ಕಾದ ಹುಣ್ಣು

ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತಳ್ಳಿದೊಡನೆ ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಯಾರದೋ ಹಲ್ಲಿಗೆ ಏನೋ ತುಂಬುತ್ತಿದ್ದರು. ಆರು ತಿಂಗಳಿಗೊಮ್ಮೆ ಬಂದು ಕೂತು, ನನಗೆ ಇರಬಹುದಾದ ಕಾಯಿಲೆಗಳನ್ನೆಲ್ಲ ಎಣಿಸುವುದು ನನ್ನ ಅಭ್ಯಾಸ. ಅಂದು ಎಣಿಕೆ ತಪ್ಪಿತು. ಮನಸ್ಸು ಸಿಡ್ನಿಗೆ ಹೋಯಿತು... ಕೆಲ್ಲಿವಿಲ್‌ನ ನಮ್ಮ ಹಳೆಯ ಮನೆಗೆ, ಬೇಲಿಯಾಚೆಯ ಅಂಕಲ್ ಬಳಿಗೆ.

ಅವರು ಮೈಸೂರಿನಲ್ಲಿ ಕೆಮಿಸ್ಟ್ರಿ ಮೇಷ್ಟರಾಗಿದ್ದು, ನಿವೃತ್ತರಾದ ಮೇಲೆ ಮಗಳ ಮನೆಗೆ ಬಂದು ನೆಲೆಸಿದ್ದರು. ಎಪ್ಪತ್ತು ದಾಟಿದ್ದರೂ ಒಂದು ಹಲ್ಲು ಬಿಟ್ಟು ಉಳಿದವೆಲ್ಲ ಸ್ವಂತದವು. ದಿನಾ ಹಿತ್ತಲಿನ ನಲ್ಲಿಯ ಹತ್ತಿರವೇ ಹಲ್ಲುಜ್ಜಬೇಕು. "ಅಪ್ಪಾ, ಒಳಗೆ ಎರಡು ಬಾತ್‌ರೂಮ್ ಇದೆ" ಎಂದು ಮಗಳು ಗೋಗರೆದರೂ ಕೇಳುತ್ತಿರಲಿಲ್ಲ. ಬ್ರಷ್ ಆದ ಮೇಲೆ ತೋರುಬೆರಳಿನಿಂದ ಮೆಲ್ಲಗೆ ಒಸಡು ತಿಕ್ಕುವುದು, ಆಮೇಲೆ ನಾಲಿಗೆ ಕೆರೆಯುವುದು. ಆ ಸದ್ದಿಗೆ ಬೇಲಿಯ ಮೇಲಿನ ಹಕ್ಕಿಗಳು ಹಾರಿಹೋಗುತ್ತಿದ್ದವು.

ಒಂದು ಬೆಳಿಗ್ಗೆ ನಾನು ಉಗುಳಿದ್ದು ಕೆಂಪಾಗಿತ್ತು. ಇಂಟರ್‌ನೆಟ್ಟಿನಲ್ಲಿ ಹತ್ತು ನಿಮಿಷ ಓದುವಷ್ಟರಲ್ಲಿ ಉಯಿಲು ಬರೆಯುವ ಹಂತಕ್ಕೆ ಬಂದಿದ್ದೆ. ಬೇಲಿಯ ಹತ್ತಿರ ಹೋಗಿ ಬಾಯಿ ತೆರೆದೆ. ಅಂಕಲ್ ಕನ್ನಡಕ ಏರಿಸಿ ನೋಡಿದರು.

"ನಿನ್ನೆ ಏನಯ್ಯಾ ಊಟ?"

"ಚಪಾತಿ, ಬೀಟ್‌ರೂಟ್ ಪಲ್ಯ ಅಂಕಲ್."

"ಅಂದ್ರೆ ಹಲ್ಲುಜ್ಜದೇ ಮಲಗಿದ್ದೀಯ. ಇದು ಕಾಯಿಲೆ ಅಲ್ಲ ಕಣಯ್ಯಾ, ಸೋಮಾರಿತನ!"

ಅಂದಿನಿಂದ ನಾನು ಮಾರ್ಟ್‌ಗೇಜ್ ಸಾಲದ ಬಗ್ಗೆ ಗೋಳಾಡಲಿ, ಮಗಳ ಪರೀಕ್ಷೆಯ ಬಗ್ಗೆ ಗೋಳಾಡಲಿ, ಅವರದು ಒಂದೇ ಉತ್ತರ: "ಬೀಟ್‌ರೂಟ್!" ಆದರೆ ಅಂದಿನಿಂದಲೇ ನಾನು ಮಲಗುವ ಮುಂಚೆ ಹಲ್ಲುಜ್ಜತೊಡಗಿದೆ, ದಾರ ಎಳೆದು ಸಂದು ಸ್ವಚ್ಛ ಮಾಡುವುದನ್ನೂ ಕಲಿತೆ. ವಾರಕ್ಕೊಮ್ಮೆ ಬೇಲಿಯಾಚೆಯಿಂದ ತಪಾಸಣೆಯೂ ನಡೆಯುತ್ತಿತ್ತು.

ಆ ವರ್ಷ ಜೂನ್ ಚಳಿಯಲ್ಲಿ ಅವರ ಕೆನ್ನೆಯ ಒಳಗೆ ಒಂದು ಹುಣ್ಣಾಯಿತು. "ಹಲ್ಲು ತಾಗಿದೆ ಅಷ್ಟೇ. ಡಿಸೆಂಬರ್‌ನಲ್ಲಿ ಇಂಡಿಯಾಕ್ಕೆ ಹೋಗ್ತೀನಲ್ಲ, ಮೈಸೂರಲ್ಲಿ ನನ್ನ ಸ್ಟೂಡೆಂಟೇ ಡೆಂಟಿಸ್ಟು. ಮಗಳಿಗೆ ಹೇಳ್ಬೇಡ, ಸುಮ್ನೆ ಗಾಬರಿಯಾಗ್ತಾಳೆ" ಎಂದರು. ನನಗೆ ಅದು ವಿಚಿತ್ರವೆನಿಸಲಿಲ್ಲ. ಹಲ್ಲು, ಕನ್ನಡಕ, ರವಿಕೆ ಹೊಲಿಸುವುದು, ಎಲ್ಲವನ್ನೂ ಇಂಡಿಯಾ ಟ್ರಿಪ್ಪಿಗೆಂದು ಎತ್ತಿಡುವುದು ನಮ್ಮೆಲ್ಲರ ಮನೆಯ ಪದ್ಧತಿ. ನಾನೇ ಎರಡು ಹುಳುಕು ಹಲ್ಲನ್ನು ಹಾಗೆ ಎತ್ತಿಟ್ಟಿದ್ದೆ.

ಲವಂಗದೆಣ್ಣೆ ಬೇಕೆಂದರು, ಇಂಡಿಯನ್ ಅಂಗಡಿಯಿಂದ ತಂದುಕೊಟ್ಟೆ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಾಟಲಿ ಕೇಳಿದರು. ಅಷ್ಟರಲ್ಲಿ ಅವರು ಒಂದೇ ಕಡೆ ಅಗಿಯತೊಡಗಿದ್ದರು. ಬಾಟಲಿ ಕೊಡುವಾಗ "ಇವತ್ತೇ ತೋರಿಸೋಣ ಬನ್ನಿ ಅಂಕಲ್, ಕಾರು ತೆಗೀತೀನಿ" ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಬೀಟ್‌ರೂಟ್ ಎಂದು ನಕ್ಕುಬಿಡುತ್ತಾರೆ ಎನಿಸಿತು. ಗ್ಯಾರೇಜ್ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗಿ ಬರುವ ಮನುಷ್ಯ ನಾನು. ಅದೊಂದು ಚಿಂತೆಯನ್ನು ಮಾತ್ರ, ನಗೆಪಾಟಲಾಗುವ ಭಯಕ್ಕೆ, ನುಂಗಿಕೊಂಡೆ...

ಡಿಸೆಂಬರ್‌ನಲ್ಲಿ ಮೈಸೂರಿನ ಆ ಶಿಷ್ಯ ಮೇಷ್ಟರ ಬಾಯಿ ನೋಡಿದನಂತೆ. ಅಂದೇ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಪತ್ರ ಬರೆದುಕೊಟ್ಟನಂತೆ. ಅಂಕಲ್ ಮತ್ತೆ ಕೆಲ್ಲಿವಿಲ್‌ಗೆ ಬರಲಿಲ್ಲ.

ಅಪ್ಪನ ಕಾರ್ಯವೆಲ್ಲ ಮುಗಿಸಿ ಹಿಂತಿರುಗಿದ ಮಗಳು ಬೇಲಿಯ ಹತ್ತಿರ ನಿಂತು ಕೇಳಿದಳು: "ಅಪ್ಪ ನಿಮ್ಗೆ ಏನಾದ್ರೂ ಹೇಳಿದ್ರಾ?"

"ಹೇಳಿದ್ರಮ್ಮ... ಜೂನ್‌ನಲ್ಲೇ."

ಅವಳು ಬಯ್ಯಲಿಲ್ಲ. ಹಿತ್ತಲಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಒಳಗೆ ಹೋದಳು. ನಾವು ಮೆಲ್ಬರ್ನಿಗೆ ಬಂದದ್ದು ಕೆಲಸದ ಕಾರಣಕ್ಕೆ ಎಂದೇ ಎಲ್ಲರಿಗೂ ಹೇಳಿದ್ದೇನೆ. ಅದೂ ನಿಜವೇ.

ಕ್ಲಿನಿಕ್ಕಿನ ಡಾಕ್ಟರಮ್ಮ ಈ ಬಾರಿಯೂ ನಾಲಿಗೆಯ ಅಡಿ, ಕೆನ್ನೆಯ ಒಳಗು ಎಲ್ಲ ನೋಡಿದರು. ಒಸಡು ಗಟ್ಟಿಯಾಗಿದೆ, ಎಲ್ಲೂ ರಕ್ತವಿಲ್ಲ ಎಂದರು. ಎರಡು ವಾರ ದಾಟಿಯೂ ಮಾಯದ ಹುಣ್ಣಿದ್ದರೆ ಕಾಯದೆ ಬನ್ನಿ ಎಂದು ಎಂದಿನಂತೆ ಹೇಳಿದರು. ನಾನು ತಲೆಯಾಡಿಸಿದೆ.

ಕಾರಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದೆ. "ಒಸಡು ಗಟ್ಟಿಯಾಗಿದೆಯಂತೆ."

"ಸರಿ ರೀ, ಬರ್ತಾ ಹಾಲು ತನ್ನಿ."

ಆ ಸುದ್ದಿಗೆ ಅಷ್ಟೇ ಬೆಲೆ, ತಪ್ಪೇನಿಲ್ಲ. ಎಲ್ಲಿ, ಬಾಯಿ ತೆಗಿ ನೋಡೋಣ ಎಂದು ಸಂಭ್ರಮಪಡುತ್ತಿದ್ದವರು ಒಬ್ಬರೇ ಇದ್ದರು.